ಎಡ ಬ್ರೇಕಿನ ಜ್ವರ ಕೊನೆಗೂ ಇಳಿಯಿತು

ಎಡ ಬ್ರೇಕ್ ಬಿಟ್ಟಿತು! ಇಷ್ಟು ದಿನ ಹಿಡಿದದ್ದನ್ನು ಬಿಡದೆ ಸತಾಯಿಸುತ್ತಿತ್ತು. ನಿನ್ನೆ ಸಂಜೆ ನನ್ನ ಮಣ್ಣು ಅಗೆಯುವ ಗಾಡಿ ಬ್ಯಾಕ್‌ಹೋವನ್ನು ಕೆಳಗಿನ ತೋಟದ ತನಕ ಇಳಿಸಿದೆ, ಮತ್ತೆ ಏರು ಹತ್ತಿಸಿದೆ, ಅಂಗಳದಲ್ಲಿ ನಿಲ್ಲಿಸಿ ಎರಡೂ ಬ್ರೇಕ್ ಹೌಸಿಂಗಿಗೆ ಟೆಂಪರೇಚರ್ ಗನ್ ಹಿಡಿದೆ. ಎಡಕ್ಕೆ 54 ಡಿಗ್ರಿ, ಬಲಕ್ಕೆ 51. ಮೊದಲು ಇದೇ ಓಟಕ್ಕೆ ಎಡಗಡೆ 97 ತೋರಿಸುತ್ತಿತ್ತು.

ಆಕ್ಸಲ್ ಆರ್ಮ್ ಇಳಿಸುವುದು, ಬೋಲ್ಟ್ ಟಾರ್ಕ್ ಮಾಡುವುದು, ಬ್ಲೀಡ್ ಮಾಡುವುದು ಎಲ್ಲ ನಿಮಗೆ ಗೊತ್ತಿರುವ ಕೆಲಸ. ಬರೆಯುವುದಿಲ್ಲ. ಪೇಂಟಿನ ಕಥೆಯಂತೂ ಬೇಡವೇ ಬೇಡ. ಶಿರಸಿ ಮಳೆಯಲ್ಲಿ ಪ್ರೈಮರ್ ಒಣಗಲಿ ಎಂದು ಕಾದು ಕೂತವನ ಮುಂದೆ ಅದರ ಹೆಸರೆತ್ತಬಾರದು.

ಸಮಸ್ಯೆ ಹೀಗಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಗಾಡಿ ಸಲೀಸು. ಪೆಡಲ್ ಗಟ್ಟಿ, ಎರಡೂ ಕಡೆ ಸಮ ಹಿಡಿತ. ಅರ್ಧ ಗಂಟೆ ಓಡಿಸಿದ ಮೇಲೆ ಎಡಕ್ಕೆ ಎಳೆಯಲು ಶುರು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೂ ಉರುಳುವುದಿಲ್ಲ. ಜಾಕ್ ಹಾಕಿದರೆ ಬಲ ಚಕ್ರ ಕೈಯಲ್ಲಿ ತಿರುಗುತ್ತದೆ, ಎಡ ಚಕ್ರಕ್ಕೆ ಹಾರೆ ಹಾಕಿ ಮೀಟಬೇಕು. ರಾತ್ರಿ ಕಳೆದು ಬೆಳಿಗ್ಗೆ ನೋಡಿದರೆ ಏನೂ ಆಗೇ ಇಲ್ಲ ಎನ್ನುವ ಹಾಗೆ ಮತ್ತೆ ಸಲೀಸು.

ಬಂದವರೆಲ್ಲ ಒಂದೊಂದು ಔಷಧ ಹೇಳಿದರು. ಹೆಚ್ಚಿನವರ ಮತ ಆಕ್ಸಲ್ ಆಯಿಲ್ ಸರಿಯಿಲ್ಲ ಎಂದು. ನನಗೆ ಒಪ್ಪಿಗೆಯಾಗಲಿಲ್ಲ. ಇದರ ಬ್ರೇಕು ವೆಟ್ ಡಿಸ್ಕ್, ಅಂದರೆ ಆಕ್ಸಲ್ ಒಳಗೆ ಆಯಿಲಿನಲ್ಲೇ ಮುಳುಗಿರುವ ಡಿಸ್ಕುಗಳು. ಅದಕ್ಕೆ ತಪ್ಪು ಆಯಿಲ್ ಬಿದ್ದರೆ ಅದು ಕೂಗಿ ಹೇಳುತ್ತದೆ. ಫ್ರಿಕ್ಷನ್ ಮಾಡಿಫೈಯರ್ (ಉಜ್ಜುವಿಕೆಯನ್ನು ಹದಗೊಳಿಸುವ ಸೇರ್ಪಡೆ) ಇಲ್ಲದ ಗೇರ್ ಆಯಿಲ್ ಸುರಿದರೆ ಡಿಸ್ಕು ಪ್ಲೇಟಿಗೆ ಅಂಟಿ ಬಿಟ್ಟು, ಅಂಟಿ ಬಿಟ್ಟು, ನಿಲ್ಲಿಸುವಾಗ ಇಡೀ ಆಕ್ಸಲ್ ಗಡಗಡ ನಡುಗುತ್ತದೆ. ನಮ್ಮದು ನಡುಗುತ್ತಿರಲಿಲ್ಲ, ಸುಮ್ನೆ ಹಿಡಿದುಕೊಂಡು ಕೂತಿರುತ್ತಿತ್ತು. ಕಾಯಿಲೆಯೇ ಬೇರೆ.

ನೀರಿನ ಸಂಶಯ ಮಾತ್ರ ನನಗೂ ಇತ್ತು. ಆಕ್ಸಲ್ ಉಸಿರಾಡುವ ತೂತು, ಬ್ರೀದರ್, ನೋಡಿದರೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಬ್ರೀದರ್ ಕಟ್ಟಿದ ಆಕ್ಸಲ್ ಬಿಸಿಯಾಗಿದ್ದಾಗಲೇ ಹಳ್ಳಕ್ಕಿಳಿದರೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಪೇಪರ್ ಲೈನಿಂಗ್ ಡಿಸ್ಕಿಗೆ ನೀರು ಬಿದ್ದರೆ ಲೈನಿಂಗ್ ಕಿತ್ತು ಬರಲು ಜಾಸ್ತಿ ಹೊತ್ತು ಬೇಡ. ಹಾಗಾಗಿ ಡ್ರೈನ್ ಪ್ಲಗ್ಗಿನಿಂದ ಒಂದಿಷ್ಟು ಆಯಿಲ್ ತೆಗೆದು ಹಳೇ ಕಾವಲಿ ಕಾಯಿಸಿ ಹನಿ ಬಿಟ್ಟೆ. ನೀರಿದ್ದರೆ ಚಟಚಟ ಸಿಡಿಯಬೇಕು. ಸಿಡಿಯಲಿಲ್ಲ. ಕಾವಲಿ ಹಳೆಯದು ಎಂಬ ನನ್ನ ವಾದವನ್ನು ಅಡುಗೆಮನೆ ಇನ್ನೂ ಒಪ್ಪಿಲ್ಲ.

ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟು, ಅದು ಮಾಮೂಲು. ಜೊತೆಗೆ ಆಯಿಲಿನಲ್ಲಿ ಕಪ್ಪು ಪುಡಿ ಸ್ವಲ್ಪ ಜಾಸ್ತಿಯೇ ಇತ್ತು. ಅಂದರೆ ಡಿಸ್ಕ್ ಉಜ್ಜುತ್ತಿದೆ. ಆಕ್ಸಲ್ ಆಯಿಲ್ ಮಟ್ಟ ಏರಿರಲಿಲ್ಲ, ಬ್ರೇಕ್ ಡಬ್ಬಿಯ ಆಯಿಲ್ ಇಳಿದಿರಲಿಲ್ಲ. ಹಾಗಾದರೆ ಡಿಸ್ಕುಗಳನ್ನು ಒತ್ತುವ ಪಿಸ್ಟನ್ನಿನ ಸೀಲ್ ಸೋರುತ್ತಿಲ್ಲ. ಸೀಲ್ ಸೋರುತ್ತಿಲ್ಲ ಎಂದರೆ ಸೀಲ್ ಚೆನ್ನಾಗಿದೆ ಎಂದೇ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಈ ರೋಗ ಅಡಗಿ ಕೂತದ್ದೂ ಅಲ್ಲೇ.

ದಾರಿ ತೋರಿಸಿದ್ದು ಬ್ಲೀಡ್ ನಿಪ್ಪಲ್, ಬ್ರೇಕ್ ಲೈನಿನ ಗಾಳಿ ಹೊರಬಿಡುವ ಸಣ್ಣ ತಿರುಪು. ಗಾಡಿ ಬಿಸಿಯಾಗಿ, ಎಡ ಚಕ್ರ ಹಿಡಿದಿರುವಾಗಲೇ ನಿಪ್ಪಲ್ ಸ್ವಲ್ಪ ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಒತ್ತಡ ಲೈನಿನಲ್ಲಿ ಸಿಕ್ಕಿಕೊಂಡಿದೆ ಎಂದು ಅರ್ಥ. ಮಾಸ್ಟರ್ ಸಿಲಿಂಡರಿನ ರಿಟರ್ನ್ ತೂತು ಕಟ್ಟಿರಬಹುದು, ಪೆಡಲಿಗೆ ಫ್ರೀ ಪ್ಲೇ ಇಲ್ಲದೇ ಇರಬಹುದು, ಹೋಸ್ ಒಳಗೇ ಊದಿರಬಹುದು. ಚಿಮ್ಮದೆ, ಚಕ್ರವೂ ಬಿಡದಿದ್ದರೆ ತೊಂದರೆ ಆಕ್ಸಲ್ ಒಳಗೇ. ನಮ್ಮದರಲ್ಲಿ ಒಂದು ಹನಿ ಸೋಮಾರಿಯಾಗಿ ಹೊರಗೆ ಬಂತು. ಚಕ್ರ ಅಲ್ಲಾಡಲಿಲ್ಲ. ಇದೇ ಗಾಡಿಗೆ ಎರಡು ಪೆಡಲು, ಎರಡು ಮಾಸ್ಟರ್ ಸಿಲಿಂಡರ್ ಇರುವುದರಿಂದ ಪೈಪುಗಳನ್ನು ಅದಲು ಬದಲು ಮಾಡಿಯೂ ನೋಡಿದೆ. ಬಲ ಸಿಲಿಂಡರಿಗೆ ಸೇರಿಸಿದರೂ ಎಡ ಬ್ರೇಕೇ ಹಿಡಿಯಿತು. ಇನ್ನು ಬಿಚ್ಚದೆ ಗತಿಯಿಲ್ಲ.

ಬಿಚ್ಚಿದಾಗ ಡಿಸ್ಕಿನ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು, ಸ್ಟೀಲ್ ಪ್ಲೇಟಿನ ಮೇಲೆ ನೀಲಿ ಚುಕ್ಕೆಗಳು. ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು ಸಂದಿ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿದೆ. ಎರಡು ಪ್ಲೇಟು ಸೊಟ್ಟಗಾಗಿದ್ದವು. ಅದು ಜ್ವರದ ಫಲ, ಕಾರಣ ಅಲ್ಲ. ಕಾರಣ ಪಿಸ್ಟನ್. ರಿಟರ್ನ್ ಸ್ಪ್ರಿಂಗುಗಳು ಸರಿಯಾಗಿದ್ದರೂ ಪಿಸ್ಟನ್ ಬೋರಿನಲ್ಲಿ ಬಿಗಿದು ಕೂತಿತ್ತು. ಗಾಳಿಯ ಒತ್ತಡ ಕೊಟ್ಟು ಹೊರಗೆ ಹಾಕಿದಾಗ ದೊಡ್ಡ ಸೀಲು ತಾನು ಕೂರುವ ಕಚ್ಚಿನಿಂದ ಹೊರಗೆ ಉಬ್ಬಿ, ರಾತ್ರಿ ನೆನೆಸಿಟ್ಟ ಕಡಲೆಯ ಹಾಗೆ ಊದಿತ್ತು.

ಈ ಬ್ರೇಕ್ ಲೈನಿನಲ್ಲಿ ಓಡುವುದು ಮಿನರಲ್ ಹೈಡ್ರಾಲಿಕ್ ಆಯಿಲ್. ಕಾರಿಗೆ ಹಾಕುವ ಡಾಟ್ 3 ಬ್ರೇಕ್ ಫ್ಲೂಯಿಡ್ ಅಲ್ಲ. ಮಿನರಲ್ ಆಯಿಲಿಗೆ ನೈಟ್ರೈಲ್ ರಬ್ಬರ್ ಬೇಕು. ಡಾಟ್ ಫ್ಲೂಯಿಡ್ ಗ್ಲೈಕಾಲ್ ಜಾತಿಯದು, ಅದಕ್ಕೆ ಇಪಿಡಿಎಂ ರಬ್ಬರ್. ಇಪಿಡಿಎಂ ಮಿನರಲ್ ಆಯಿಲ್ ಕುಡಿದು ಊದುತ್ತದೆ. ಊದಿದ ಸೀಲು ಸೋರುವುದಿಲ್ಲ, ಇನ್ನೂ ಬಿಗಿಯಾಗಿ ಕೂರುತ್ತದೆ. ಬಿಸಿಯಾದರೆ ಇನ್ನಷ್ಟು ಹಿಗ್ಗುತ್ತದೆ. ಸ್ಪ್ರಿಂಗಿನ ಶಕ್ತಿ ಸಾಲದು, ಡಿಸ್ಕ್ ಉಜ್ಜುತ್ತದೆ, ಉಜ್ಜಿದ್ದಕ್ಕೆ ಮತ್ತಷ್ಟು ಬಿಸಿ. ರಾತ್ರಿ ತಣಿದಾಗ ಅಷ್ಟಿಷ್ಟು ಬಿಡುತ್ತದೆ.

ಈಗ ಅಂಗಡಿಯವರ ಪುರಾಣ. ಮಳೆಗಾಲಕ್ಕೆ ಮೊದಲು ಎರಡೂ ಕಡೆಗೆ ಸೀಲ್ ಕಿಟ್ ತಂದಿದ್ದೆ. ಎಡಗಡೆಯ ಕಿಟ್ಟಿನಲ್ಲಿ ದೊಡ್ಡ ರಿಂಗೇ ಇರಲಿಲ್ಲ. ಫೋನ್ ಮಾಡಿದರೆ, ಅದಕ್ಕೇನಂತೆ ಎಂದು ಬಿಡಿ ರಿಂಗ್ ಒಂದನ್ನು ಕವರಿಗೆ ಹಾಕಿ ಬಸ್ಸಿಗೆ ಕೊಟ್ಟರು. ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ. ಜಾತಿ ಮಾತ್ರ ಬೇರೆ. ಈಗ ಕೇಳಿದರೆ ಉತ್ತರ: ‘ಸಾರ್, ರಬ್ಬರ್ ಎಲ್ಲ ಒಂದೇ, ಕಪ್ಪಗಿದೆ ತಾನೆ?’ ಕಪ್ಪಗಿದೆ, ನಿಜ. ಹುಣಸೆಹಣ್ಣೂ ಕಪ್ಪಗಿರುತ್ತದೆ. ಇನ್ನೊಬ್ಬರು ಕೊಟ್ಟ ಸಲಹೆ ಇದಕ್ಕಿಂತ ಚೆಂದ: ಸೀಲ್ ಡಾಟ್ 3ಕ್ಕೆ ಆಗುತ್ತದೆ ಎಂದಾದರೆ ಲೈನಿಗೇ ಡಾಟ್ 3 ಹಾಕಿಬಿಡಿ! ಮಾಸ್ಟರ್ ಸಿಲಿಂಡರಿನಲ್ಲಿ, ಬಲ ಬ್ರೇಕಿನಲ್ಲಿ ಇರುವ ನೈಟ್ರೈಲ್ ಸೀಲುಗಳೆಲ್ಲ ಕೆಟ್ಟು ಕೂತಮೇಲೆ ಅವರ ಮನೆ ಮುಂದೆಯೇ ಗಾಡಿ ನಿಲ್ಲಿಸಬೇಕಾಗುತ್ತಿತ್ತು.

ಹೊಸ ರಿಂಗನ್ನು ಈ ಸಲ ಬೇರೆ ಕಡೆಯಿಂದ ತರಿಸಿದೆ, ಎರಡು ಜಾಸ್ತಿಯೇ ತರಿಸಿದೆ. ಬಂದ ಕೂಡಲೇ ಒಂದನ್ನು ವರ್ನಿಯರಿನಲ್ಲಿ ಅಳೆದು, ಬಾಟಲಿಯಲ್ಲಿ ಬ್ರೇಕ್ ಆಯಿಲ್ ಹಾಕಿ ಮುಳುಗಿಸಿ, ಬಚ್ಚಲೊಲೆಯ ಪಕ್ಕ ಬೆಚ್ಚಗಿಟ್ಟೆ. ಪಕ್ಕದ ಬಾಟಲಿಯಲ್ಲಿ ಊದಿದ ರಿಂಗಿನದೇ ಅಂಗಡಿಯ ಇನ್ನೊಂದು ಬಿಡಿ ರಿಂಗು. ಎರಡು ದಿನಕ್ಕೆ ಅಂಗಡಿಯದು ಕಣ್ಣಿಗೇ ಕಾಣುವಷ್ಟು ದಪ್ಪವಾಯಿತು, ಹೊಸದು ಇದ್ದ ಹಾಗೇ ಇತ್ತು. ಖರ್ಚಿಲ್ಲದ ಪರೀಕ್ಷೆ. ಇನ್ನು ನನ್ನ ಮನೆಗೆ ಬರುವ ಯಾವ ರಬ್ಬರಿಗೂ ಬಚ್ಚಲೊಲೆಯ ದರ್ಶನ ಆಗದೆ ಒಳಗೆ ಪ್ರವೇಶವಿಲ್ಲ. ಸೊಟ್ಟ ಪ್ಲೇಟು ಎರಡನ್ನೂ, ಎಡಗಡೆಯ ಫ್ರಿಕ್ಷನ್ ಡಿಸ್ಕುಗಳನ್ನೂ ಬದಲಿಸಿದೆ. ಹೊಸ ಡಿಸ್ಕುಗಳನ್ನು ಆಕ್ಸಲ್ ಆಯಿಲಿನಲ್ಲಿ ನೆನೆಸಿಯೇ ಜೋಡಿಸಿದ್ದು. ಒಣ ಡಿಸ್ಕ್ ಹಾಕಿ ಮೊದಲ ಬ್ರೇಕಿಗೇ ಸುಟ್ಟುಕೊಂಡವರ ಕಥೆ ನೀವೂ ಕೇಳಿರುತ್ತೀರಿ. ಬ್ರೀದರಿಗೆ ಒಂದು ಪೈಪ್ ಸಿಕ್ಕಿಸಿ ಚಾಸಿ ಮೇಲಕ್ಕೆ ಒಯ್ದಿದ್ದೇನೆ, ಮಣ್ಣು ಅಲ್ಲಿಯ ತನಕ ಹತ್ತಲಿಕ್ಕಿಲ್ಲ.

ಕುಮಟಾದ ಭಾವನ ಗದ್ದೆ ಬದು ಎತ್ತಿಸಿಕೊಡುತ್ತೇನೆ ಎಂದು ಬಾಯಿ ಬಿಟ್ಟಾಗಿದೆ. ಹಿಡಿದ ಬ್ರೇಕಿನಲ್ಲಿ ದೇವಿಮನೆ ಘಟ್ಟ ಇಳಿಸಿದ್ದರೆ ಬುಡ ತಲುಪುವಷ್ಟರಲ್ಲಿ ಎಡಗಡೆ ಲೈನಿಂಗೇ ಉಳಿಯುತ್ತಿರಲಿಲ್ಲ. ಈಗ ಧೈರ್ಯವಿದೆ. ಹ್ಯಾಂಡ್‌ಬ್ರೇಕ್ ಕೇಬಲ್ ಬಾಕಿ ಇದೆ, ಅದು ಆದ ಮೇಲೆ ಘಟ್ಟ.

ಅಷ್ಟರೊಳಗೆ ಅಂಗಳ ಖಾಲಿ ಮಾಡಬೇಕು, ಕೊಯ್ಲು ಶುರುವಾದರೆ ಅಡಿಕೆ ಹರಡಲು ಜಾಗ ಬೇಕೆಂದು ಅಮ್ಮನ ನೋಟಿಸ್ ಬಂದಿದೆ. ಖಾಲಿ ಮಾಡುತ್ತೇನೆ, ಆದರೆ ಕೊಟ್ಟಿಗೆ ಪಕ್ಕದ ಮೂಲೆ ಬಿಟ್ಟುಕೊಡುವುದಿಲ್ಲ. ಅಲ್ಲಿಗೆ ರಾಜಕೋಟದ ಹಳೇ ಲಿಸ್ಟರ್ ಮಾದರಿ ಇಂಜಿನ್ ಬಂದು ಕೂತಿದೆ. ಒಂದೇ ಸಿಲಿಂಡರು, ನಿಮಿಷಕ್ಕೆ 650 ಸುತ್ತು. ಅದನ್ನು ಎಬ್ಬಿಸಿ, ಬೆಲ್ಟ್ ಹಾಕಿ, ಆಲೆಮನೆ ಗಾಣ ತಿರುಗಿಸುವುದು ಮುಂದಿನ ಯೋಜನೆ. ಕಬ್ಬಿನ ಹಾಲಿನ ಆಸೆಗೆ ಈಗಲೇ ಸಹಾಯಕರು ಬಹಳ ಜನ ಹೆಸರು ಕೊಟ್ಟಿದ್ದಾರೆ, ಸ್ಪ್ಯಾನರ್ ಹಿಡಿಯುವವರು ಮಾತ್ರ ಯಾರೂ ಇಲ್ಲ. ಸದ್ಯಕ್ಕೆ ಫ್ಲೈವೀಲನ್ನು ಶಾಫ್ಟಿಗೆ ಬಿಗಿಯುವ, ತಲೆಯಿರುವ ಕೀಲಿ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಬರುತ್ತಿಲ್ಲ. ಡೀಸೆಲ್ ಬಿಟ್ಟು ನೆನೆಯಲು ಇಟ್ಟಿದ್ದೇನೆ, ನಾಳೆ ಬೆಳಿಗ್ಗೆ ಬೆಣೆ ಹೊಡೆದು ನೋಡುವುದು.