‘ದೇಶ’ ಎಂಬ ಕಾಲಮ್ಮಿನಲ್ಲಿ ಏನು ಬರೆಯಬೇಕು?

ಹಾಸನದಲ್ಲಿ ನಾವು ಕೆಲವು ಗೆಳೆಯರು ತಿಂಗಳಿಗೊಮ್ಮೆ ಒಂದು ಸಣ್ಣ ಸಭಾಂಗಣದಲ್ಲಿ ಸಿನಿಮಾ ತೋರಿಸುತ್ತೇವೆ. ಬಂದವರಿಗೆ ಹಂಚುವ ಒಂದು ಪುಟದ ಟಿಪ್ಪಣಿ ಬರೆಯುವ ಕೆಲಸ ನನ್ನದು. ಶೀರ್ಷಿಕೆ, ನಿರ್ದೇಶಕರು, ವರ್ಷ, ಅವಧಿ ಇವೆಲ್ಲ ಸಲೀಸಾಗಿ ತುಂಬುತ್ತವೆ. ‘ದೇಶ’ ಎಂಬ ಕಾಲಮ್ಮಿಗೆ ಬಂದಾಗ ಮಾತ್ರ ಪೆನ್ನು ನಿಲ್ಲುತ್ತದೆ. ಅಲ್ಲಿ ಏನೇ ಬರೆದರೂ ಸಿನಿಮಾ ಮುಗಿದು ದೀಪ ಹತ್ತಿದೊಡನೆ ಯಾರಾದರೊಬ್ಬರು ಆ ಹಾಳೆ ಹಿಡಿದು ಬರುತ್ತಾರೆ: “ಇದನ್ನು ಆ ದೇಶದ ಸಿನಿಮಾ ಅಂತ ಹೇಗೆ ಬರೆದಿರಿ ಸಾರ್?” ಮೆಟ್ಟಿಲ ಮೇಲೆ ನಿಂತು ಕೊಟ್ಟ ಉತ್ತರಗಳೆಲ್ಲ ಕೊನೆಯ ಬಸ್ಸಿನ ಆತುರದಲ್ಲಿ ಅರ್ಧಕ್ಕೇ ನಿಂತಿರುವುದರಿಂದ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಗದದ ಮೇಲಿನ ಉತ್ತರ ಸರಳವಾದದ್ದು. ಸಾಮಾನ್ಯವಾಗಿ ನಿರ್ಮಾಣ ಸಂಸ್ಥೆ ಯಾವ ದೇಶದ್ದೋ ಸಿನಿಮಾವೂ ಆ ದೇಶದ್ದು. ಎರಡು ಮೂರು ದೇಶಗಳ ಸಂಸ್ಥೆಗಳು ಕೂಡಿ ಹಣ ಹಾಕಿದ್ದರೆ ಸಹನಿರ್ಮಾಣ. ಸರ್ಕಾರದ ಸಹಾಯಧನದ ಮಾತು ಬಂದಾಗ ಇಷ್ಟು ಸಾಲದೆಂದು ಕೆಲವೆಡೆ ಅಂಕಪಟ್ಟಿಯನ್ನೇ ಮಾಡಿಕೊಂಡಿದ್ದಾರೆ. ಯುರೋಪಿನ ದೇಶಗಳು 1992ರಲ್ಲಿ ಮಾಡಿಕೊಂಡ ಸಹನಿರ್ಮಾಣ ಒಪ್ಪಂದದಲ್ಲಿ ಕಥಾಚಿತ್ರಕ್ಕೆ ಒಟ್ಟು 19 ಅಂಕ, ಯುರೋಪಿನದೆನಿಸಿಕೊಳ್ಳಲು 15 ಬೇಕಿತ್ತು (2017ರ ಪರಿಷ್ಕೃತ ಒಪ್ಪಂದದಲ್ಲಿ ಈ ಲೆಕ್ಕ ಬದಲಾಗಿದೆ). ನಿರ್ದೇಶಕರು ಯುರೋಪಿನವರಾದರೆ 3, ಚಿತ್ರಕಥೆಗಾರರಿಗೆ 3, ಮುಖ್ಯ ಪಾತ್ರಧಾರಿಗೆ 3, ಎರಡನೆಯ ಪಾತ್ರಕ್ಕೆ 2, ಮೂರನೆಯದಕ್ಕೆ 1; ಸಂಗೀತ, ಛಾಯಾಗ್ರಹಣ, ಧ್ವನಿ, ಸಂಕಲನ ಮುಂತಾದವುಗಳಿಗೆ ತಲಾ ಒಂದು. ನೋಡಿದವರಿಗೆ ನಗು ಬರಬಹುದು. ಆದರೆ ಹಣ ಯಾರಿಗೆ ಸಲ್ಲಬೇಕೆಂಬುದನ್ನು ಬಿಟ್ಟು ಬೇರೇನನ್ನೂ ತೀರ್ಮಾನಿಸುವ ಸೋಗನ್ನು ಈ ಪಟ್ಟಿ ಹಾಕುವುದಿಲ್ಲ, ಆ ಪ್ರಾಮಾಣಿಕತೆ ನನಗೆ ಇಷ್ಟ.

ಈ ಪಟ್ಟಿಯಲ್ಲಿ ಚಿತ್ರೀಕರಣದ ಜಾಗಕ್ಕಿರುವುದು ಒಂದೇ ಅಂಕ. ನಮ್ಮ ಪ್ರೇಕ್ಷಕರಿಗಾದರೋ ಅದೇ ಎಲ್ಲಕ್ಕಿಂತ ದೊಡ್ಡದು. ಸಾವನದುರ್ಗದ ಬಂಡೆಗಳನ್ನು ಗುರುತು ಹಿಡಿದ ಮೇಲೆ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಬ್ರಿಟಿಷ್ ಸಿನಿಮಾ ಎಂದರೆ ಅವರು ಒಪ್ಪುವುದು ಕಷ್ಟ. ಕಾಫಿಗೆ ಈ ತಕರಾರಿಲ್ಲ: 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದಾಗ ಬೆಳೆದ ನೆಲವೇ ಅದರ ಗುರುತಾಯಿತು, ತೋಟದ ಯಜಮಾನರು ಎಲ್ಲಿಯವರೆಂದು ಯಾರೂ ಕೇಳಲಿಲ್ಲ. ಸಿನಿಮಾದಲ್ಲಿ ಮೊದಲು ಕೇಳುವುದೇ ಯಜಮಾನರನ್ನು.

ಇನ್ನು ನಮ್ಮ ಮಗ್ಗುಲಿನ ಉದಾಹರಣೆ. ‘ಸಂಸ್ಕಾರ’ (1970) ಚಿತ್ರೀಕರಣಗೊಂಡದ್ದು ಇದೇ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಯ ಹತ್ತಿರ, ವೈಕುಂಠಪುರದಲ್ಲಿ. ಕಾದಂಬರಿ ಅನಂತಮೂರ್ತಿಯವರದು, ಚಿತ್ರಕಥೆ ಮತ್ತು ಮುಖ್ಯ ಪಾತ್ರ ಗಿರೀಶ ಕಾರ್ನಾಡರದು, ಸಂಗೀತ ರಾಜೀವ ತಾರಾನಾಥರದು. ಆದರೆ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ, ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಆ ಯುರೋಪಿನ ಪಟ್ಟಿಯಲ್ಲಿ ‘ಯುರೋಪ್’ ಎಂದಿರುವಲ್ಲಿ ‘ಭಾರತ’ ಎಂದು ಬರೆದುಕೊಂಡರೆ ಛಾಯಾಗ್ರಹಣದ ಅಂಕ ಹೋದರೂ ಸಿನಿಮಾ ಪಾಸಾಗುತ್ತದೆ; ‘ಕನ್ನಡಿಗ’ ಎಂದು ಬರೆದುಕೊಂಡರೆ ನಿರ್ದೇಶಕರ ಮೂರು ಅಂಕವೂ ಹೋಗಿ ಪರಿಸ್ಥಿತಿ ತುಸು ಬಿಗಿಯಾಗುತ್ತದೆ. ಆದರೂ ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆದ ಮೊದಲ ಕನ್ನಡ ಚಿತ್ರ ಅದೇ, ಅದು ನಮ್ಮದಲ್ಲವೆಂದು ಯಾರೂ ವಾದಿಸಿದ್ದನ್ನು ನಾನು ಕೇಳಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ, ನಿರ್ದೇಶಿಸಿದವರು ತೆಲುಗಿನ ವೈ. ವಿ. ರಾವ್, ಹಣ ಹಾಕಿದವರು ಮಾರ್ವಾಡಿ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ. ಅದರ ಕನ್ನಡತನವೂ ಪ್ರಶ್ನೆಗೆ ಒಳಗಾಗಿಲ್ಲ. ಅಂದರೆ ನಮಗೆ ಬೇಕೆನಿಸಿದಾಗ ಭಾಷೆಯೊಂದೇ ಸಾಕಾಗುತ್ತದೆ.

ಬೇಕೆನಿಸದಾಗ ಯಾವುದೂ ಸಾಲದು. ದೀಪಾ ಮೆಹ್ತಾ ಅವರ ‘ವಾಟರ್’ ಚಿತ್ರೀಕರಣ 2000ರಲ್ಲಿ ವಾರಾಣಸಿಯಲ್ಲಿ ಆರಂಭವಾಗುತ್ತಿದ್ದಂತೆ ಪ್ರತಿಭಟನೆ ನಡೆದು ನಿಂತುಹೋಯಿತು. ಕೆಲವು ವರ್ಷಗಳ ಬಳಿಕ ಅವರು ಅದನ್ನು ಶ್ರೀಲಂಕಾದಲ್ಲಿ ಮುಗಿಸಿದರು. ಹಿಂದಿ ಮಾತಾಡುವ ಆ ಸಿನಿಮಾವನ್ನು ವಿದೇಶಿ ಭಾಷಾ ಚಿತ್ರದ ಆಸ್ಕರ್‌ಗೆ ಕಳಿಸಿದ್ದು ಕೆನಡಾ. ಕಳಿಸುವ ದೇಶದ ಅಧಿಕೃತ ಭಾಷೆಯಲ್ಲೇ ಸಿನಿಮಾ ಇರಬೇಕೆಂಬ ಹಳೆಯ ನಿಯಮ ಅಷ್ಟರಲ್ಲಿ ಸಡಿಲವಾಗಿದ್ದರಿಂದ ಅದು ಸಾಧ್ಯವಾಗಿ, ಅಂತಿಮ ಐದರಲ್ಲಿ ಅದು ನಿಂತಿತು. ಇದರ ತಿರುವುಮುರುವು ‘ಗಾಂಧಿ’ (1982). ನಿರ್ದೇಶಕ ರಿಚರ್ಡ್ ಅಟೆನ್‌ಬರೋ ಇಂಗ್ಲೆಂಡಿನವರು, ಮಾತು ಇಂಗ್ಲಿಷಿನದು. ನಮ್ಮ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಯ ಹಣವೂ ಅದರಲ್ಲಿತ್ತು ಎನ್ನುವುದನ್ನು ಬಿಟ್ಟರೆ ಅದು ಬಹುಪಾಲು ಬ್ರಿಟಿಷ್ ಕೃತಿ. ಎಂಟು ಆಸ್ಕರ್ ಬಂದವು, ಅವುಗಳಲ್ಲಿ ವಸ್ತ್ರವಿನ್ಯಾಸದ್ದನ್ನು ಹಂಚಿಕೊಂಡ ಭಾನು ಅಥೈಯಾ ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರು. ಸಿನಿಮಾ ‘ನಮ್ಮದು’ ಎನ್ನಲು ಅಷ್ಟು ಸಾಕಾಯಿತು. ಗೆಲುವಿಗೆ ನೆಂಟರು ಹೆಚ್ಚು.

ಆದರೆ ಈ ಜಗಳ ಅದರ ಪೂರ್ಣ ಸೊಗಸಿನಲ್ಲಿ ಕಾಣಿಸಿದ್ದು 2024ರಲ್ಲಿ. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಕಾನ್ ಚಿತ್ರೋತ್ಸವದಲ್ಲಿ ಎರಡನೆಯ ದೊಡ್ಡ ಪ್ರಶಸ್ತಿಯಾದ ಗ್ರಾಂ ಪ್ರಿ ಪಡೆಯಿತು. ಮುಂಬೈಯಲ್ಲಿ ಕೆಲಸ ಮಾಡುವ ಮಲಯಾಳಿ ದಾದಿಯರ ಕಥೆ, ಮಾತು ಮಲಯಾಳಂ, ಹಿಂದಿ, ಮರಾಠಿ, ನಿರ್ದೇಶಕಿ ಮುಂಬೈಯವರು, ಹಣ ಫ್ರಾನ್ಸ್, ಭಾರತ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಮೊದಲಾದ ಕಡೆಗಳದ್ದು. ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ಒಂದು ದೇಶ ಒಂದೇ ಸಿನಿಮಾ ಕಳಿಸಬಹುದು. ನಮ್ಮಲ್ಲಿ ಆಯ್ಕೆ ಮಾಡುವ ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ‘ಲಾಪತಾ ಲೇಡೀಸ್’ ಅನ್ನು ಆರಿಸಿತು, ಮತ್ತು ಕಪಾಡಿಯಾ ಅವರ ಚಿತ್ರ ನೋಡುವಾಗ ಭಾರತದಲ್ಲಿ ನಡೆಯುವ ಯುರೋಪಿನ ಸಿನಿಮಾ ನೋಡುತ್ತಿದ್ದೇವೆ ಎಂದು ತೀರ್ಪುಗಾರರಿಗೆ ಅನ್ನಿಸಿತೆಂದು ಅದರ ಅಧ್ಯಕ್ಷರು ಹೇಳಿದರು. ಫ್ರಾನ್ಸ್ ಇದೇ ಚಿತ್ರವನ್ನು ತನ್ನ ಕಿರುಪಟ್ಟಿಗೆ ಸೇರಿಸಿಕೊಂಡರೂ ಕೊನೆಗೆ ಕಳಿಸಿದ್ದು ‘ಎಮಿಲಿಯಾ ಪೆರೆಸ್’ ಅನ್ನು: ಮೆಕ್ಸಿಕೋದ ಕಥೆ, ಬಹುತೇಕ ಸ್ಪ್ಯಾನಿಷ್ ಮಾತು, ಫ್ರಾನ್ಸಿನ ಸ್ಟುಡಿಯೋದಲ್ಲಿ ಕಟ್ಟಿದ ಮೆಕ್ಸಿಕೋ. 13 ನಾಮನಿರ್ದೇಶನ ಪಡೆದ ಆ ಚಿತ್ರ ತಮ್ಮ ದೇಶದ ಮುಖವೇ ಅಲ್ಲವೆಂದು ಮೆಕ್ಸಿಕೋದ ಪ್ರೇಕ್ಷಕರು ಕಿಡಿಕಾರಿದರು. ಅದೇ ವರ್ಷ ಸಂಧ್ಯಾ ಸೂರಿ ಅವರ ‘ಸಂತೋಷ್’, ಉತ್ತರ ಭಾರತದ ಮಹಿಳಾ ಪೊಲೀಸ್ ಪೇದೆಯ ಹಿಂದಿ ಕಥೆ, ಬ್ರಿಟನ್ನಿನ ಪ್ರತಿನಿಧಿಯಾಗಿ ಹೋಗಿ ಹದಿನೈದರ ಪಟ್ಟಿ ತಲುಪಿತು. ನಾವು ಕಳಿಸಿದ ಚಿತ್ರ ಅಲ್ಲಿಗೆ ತಲುಪಲಿಲ್ಲ.

ಆ ‘ಯುರೋಪಿನ ಸಿನಿಮಾ’ ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ಅದು ಹಣದ ಲೆಕ್ಕವಲ್ಲ, ರುಚಿಯ ಲೆಕ್ಕ. ನಿಧಾನಗತಿ, ಹಾಡಿಲ್ಲದಿರುವುದು, ಮೌನ: ಇವು ನಮ್ಮವಲ್ಲ ಎಂದು ಹೇಳಿದ ಹಾಗಾಯಿತು. ಹಾಗಾದರೆ ಶೃಂಗೇರಿಯ ಪಕ್ಕದಲ್ಲಿ ಐವತ್ತು ವರ್ಷಗಳ ಹಿಂದೆ ತೆಗೆದ ಆ ಕಪ್ಪುಬಿಳುಪಿನ ಮೌನ ಯಾವ ದೇಶದ್ದು?

ನಾನು ಉಪಯೋಗಿಸುವ ಅಳತೆ ಬೇರೆ. ಸಿನಿಮಾ ಯಾರಿಗೆ ವಿವರಣೆ ಕೊಡುವ ಗೋಜಿಗೆ ಹೋಗುವುದಿಲ್ಲ ಎಂಬುದನ್ನು ನೋಡುತ್ತೇನೆ. ‘ಗಾಂಧಿ’ಯಲ್ಲಿ ಒಬ್ಬ ವಿದೇಶಿ ಪತ್ರಕರ್ತನೋ ಪಾದ್ರಿಯೋ ಛಾಯಾಗ್ರಾಹಕಿಯೋ ಮತ್ತೆ ಮತ್ತೆ ಗಾಂಧೀಜಿಯ ಪಕ್ಕದಲ್ಲಿ ನಿಂತಿರುತ್ತಾರೆ, ಅವರಿಗೆ ಹೇಳುವ ನೆಪದಲ್ಲಿ ಭಾರತವನ್ನು ಅರಿಯದ ಪ್ರೇಕ್ಷಕರಿಗೆ ಸಂಗತಿ ದಾಟುತ್ತದೆ. ತಪ್ಪೇನಿಲ್ಲ, ಆದರೆ ಎದುರು ಕುರ್ಚಿಯಲ್ಲಿ ಕುಳಿತವರು ನಾವಲ್ಲ ಎಂಬುದು ತಿಳಿಯುತ್ತದೆ. ‘ಸಂಸ್ಕಾರ’ದ ಅಗ್ರಹಾರದಲ್ಲಿ ಹೆಣ ಬಿದ್ದಿರುವಾಗ ಒಲೆ ಏಕೆ ಹತ್ತುವುದಿಲ್ಲವೆಂದು ಮಲೆನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕಪಾಡಿಯಾ ಅವರ ದಾದಿಯರು ತಮ್ಮತಮ್ಮೊಳಗೆ ಮಲಯಾಳಂ ಮಾತಾಡುವುದು, ಹಿಂದಿ ಬಾರದ ವೈದ್ಯನೊಬ್ಬ ಮುಂಬೈಯಲ್ಲಿ ತಡವರಿಸುವುದು ಯುರೋಪಿನವರಿಗಿಂತ ನಮಗೆ ಬೇಗ ಹೊಳೆಯುತ್ತದೆ. ಆ ಚಿತ್ರ ನನ್ನ ಲೆಕ್ಕದಲ್ಲಿ ನಮ್ಮದು.

ಇದನ್ನು ಒಪ್ಪದವರಿದ್ದಾರೆ. ನಮ್ಮ ಪ್ರದರ್ಶನಕ್ಕೆ ತಪ್ಪದೆ ಬರುವ ನಿವೃತ್ತ ಮೇಷ್ಟ್ರೊಬ್ಬರು ಒಮ್ಮೆ ಹೇಳಿದರು: “ನಿಮ್ಮ ಅಳತೆ ಸರಿಯಾದರೆ ‘ಸಂಸ್ಕಾರ’ ಈಗ ಪರದೇಶದ ಸಿನಿಮಾ ಆಯ್ತಲ್ಲ ಇವರೇ. ನನ್ನ ಮೊಮ್ಮಗಳಿಗೆ ಅದರ ಒಂದೊಂದು ದೃಶ್ಯಕ್ಕೂ ನಾನೇ ವಿವರಣೆ ಕೊಡಬೇಕಾಯ್ತು.” ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ವಿವರಣೆ ಕೊಡಲು ಮನೆಯಲ್ಲೇ ಒಬ್ಬರಿದ್ದರು ಎಂಬುದು ಸ್ವಲ್ಪ ಲೆಕ್ಕಕ್ಕೆ ಬರಬೇಕೆಂದು ಮಾತ್ರ ಹೇಳಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಟಿಪ್ಪಣಿಯಿಂದ ‘ದೇಶ’ ಎಂಬ ಕಾಲಮ್ಮನ್ನು ಕಳೆದ ವರ್ಷ ತೆಗೆದುಹಾಕಿ ಆ ಜಾಗದಲ್ಲಿ ‘ಹಣ ಹಾಕಿದ ದೇಶಗಳು’ ಎಂದು ಬರೆದೆ, ಏಕೆಂದರೆ ಖಚಿತವಾಗಿ ಹೇಳಲು ಬರುವುದು ಅಷ್ಟೇ. ಕಪಾಡಿಯಾ ಅವರ ಚಿತ್ರದ ದಿನ ಮೇಷ್ಟ್ರು ಹಾಳೆ ಓದಿ ತಲೆದೂಗಿದರು, ಆಮೇಲೆ ಅದರ ಕೆಳಗಿನ ಸಾಲಿಗೆ ಬೆರಳಿಟ್ಟು ಕೇಳಿದರು: “ಭಾಷೆ ಅಂತ ಮೂರು ಬರೆದಿದ್ದೀರಲ್ಲ, ಇದರಲ್ಲಿ ಯಾವುದರ ಸಿನಿಮಾ ಇದು?”