ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಓಟು ಹಾಕಬಹುದು ಅನ್ನೋ ಮೆಸೇಜು

ಚುನಾವಣೆ ಹತ್ತಿರ ಬಂತು ಅಂದ್ರೆ ಒಂದು ಮೆಸೇಜು ವಾಟ್ಸಾಪ್ ಗ್ರೂಪುಗಳಲ್ಲಿ ಮತ್ತೆ ಜೀವ ಪಡೆಯುತ್ತದೆ. 2019ರ ಲೋಕಸಭಾ ಚುನಾವಣೆ ಹೊತ್ತಿಗೆ ಜೋರಾಗಿ ಓಡಾಡಿತ್ತು. ನೀವೂ ನೋಡಿರುತ್ತೀರಿ. ಅದರಲ್ಲಿ ಇರೋದು ಇಷ್ಟು. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲವೇ? ಚಿಂತೆ ಬೇಡ. ಆಧಾರ್ ಕಾರ್ಡ್ ಅಥವಾ ವೋಟರ್ ಐಡಿ ತೋರಿಸಿ, ಸೆಕ್ಷನ್ 49ಎ ಪ್ರಕಾರ 'ಚಾಲೆಂಜ್ ವೋಟ್' ಕೇಳಿ ಹಾಕಿ. ನಿಮ್ಮ ಓಟನ್ನು ಬೇರೆ ಯಾರೋ ಹಾಕಿಬಿಟ್ಟಿದ್ದರೆ 'ಟೆಂಡರ್ ವೋಟ್' ಕೇಳಿ. ಒಂದು ಮತಗಟ್ಟೆಯಲ್ಲಿ ಶೇ 14ಕ್ಕಿಂತ ಜಾಸ್ತಿ ಟೆಂಡರ್ ವೋಟ್ ಬಿದ್ದರೆ ಅಲ್ಲಿ ಮರುಮತದಾನ. ಕೊನೆಗೆ, ಇದನ್ನು ಎಲ್ಲ ಗ್ರೂಪುಗಳಿಗೂ ಕಳಿಸಿ.

ನಾನು ಹೈಸ್ಕೂಲ್ ಮೇಷ್ಟ್ರು. ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮಂಥವರಿಗೆ ಎಲೆಕ್ಷನ್ ಡ್ಯೂಟಿ ತಪ್ಪಿದ್ದಲ್ಲ. ಹಿಂದಿನ ದಿನ ಮಸ್ಟರಿಂಗ್, ಸಾಮಾನು ಎಣಿಸಿಕೊಂಡು ಬಸ್ ಹತ್ತೋದು, ಯಾವುದೋ ಊರಿನ ಶಾಲೆಯಲ್ಲಿ ರಾತ್ರಿ ಕಳೆಯೋದು, ಬೆಳಗಿನ ಜಾವ ಎದ್ದು ಅಣಕು ಮತದಾನ. ಸುಳ್ಳು ಸುದ್ದಿಯ ಮಾತು ಬಂದರೆ ಎಲ್ಲರೂ ಹೇಳೋದು ಅದು ಜನರ ತಲೆ ಕೆಡಿಸುತ್ತದೆ ಅಂತ. ನಿಜ. ಆದರೆ ಪಿಆರ್‌ಓ, ಅಂದ್ರೆ ಮತಗಟ್ಟೆಯ ಮುಖ್ಯ ಅಧಿಕಾರಿ ಆಗಿ ಕೂತ ನನಗೆ ಅದಕ್ಕಿಂತ ಜಾಸ್ತಿ ನೋವು ಕೊಡೋದು ಇನ್ನೊಂದು. ಯಾರಿಗೆ ಓಟು ಹಾಕಬೇಕು ಅಂತ ತಾವೇ ಯೋಚಿಸಿ ತೀರ್ಮಾನ ಮಾಡಿದವರ ಓಟನ್ನೂ ಸುಳ್ಳು ಸುದ್ದಿ ತಪ್ಪಿಸಬಲ್ಲದು.

ಬೆಂಗಳೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ರಾತ್ರಿ ಬಸ್ಸಿಗೆ ಊರಿಗೆ ಬಂದು, ಅಮ್ಮನ ಜೊತೆ ಬೆಳಗ್ಗೆಯೇ ಸರದಿಯಲ್ಲಿ ನಿಂತಿದ್ದ. ಅಮ್ಮನ ಹೆಸರು ಸಿಕ್ಕಿತು. ಅವನದು ಸಿಗಲಿಲ್ಲ. ಪಟ್ಟಿ ಹಿಡಿದ ನಮ್ಮ ಅಧಿಕಾರಿ ಹಿಂದೆ ಮುಂದೆ ತಿರುವಿ ನೋಡಿದರು. ಪಕ್ಷಗಳ ಏಜೆಂಟರೂ ತಮ್ಮ ತಮ್ಮ ಪ್ರತಿಯಲ್ಲಿ ಹುಡುಕಿದರು. ಇರಲಿಲ್ಲ. ಹುಡುಗ ಗಾಬರಿ ಆಗಲಿಲ್ಲ. "ಪರವಾಗಿಲ್ಲ ಸಾರ್, ಸೆಕ್ಷನ್ 49ಎ ಪ್ರಕಾರ ನಂಗೆ ಚಾಲೆಂಜ್ ವೋಟ್ ಕೊಡಿ" ಅಂದ. ಸೆಕ್ಷನ್ ನಂಬರ್ ಅವನಿಗೆ ಬಾಯಿಪಾಠ. ಪಟ್ಟಿಯಲ್ಲಿ ತನ್ನ ಕ್ರಮಸಂಖ್ಯೆ ಎಷ್ಟು ಅಂತ ಮಾತ್ರ ಒಮ್ಮೆಯೂ ನೋಡಿರಲಿಲ್ಲ. ನೋಡುವ ಅಗತ್ಯವೇ ಇಲ್ಲ ಅಂತ ಆ ಮೆಸೇಜು ಅವನಿಗೆ ಧೈರ್ಯ ಹೇಳಿತ್ತಲ್ಲ.

ಹಾಗೆ ಕೊಡಲು ಬರಲ್ಲಪ್ಪ ಅಂತ ಹೇಳಿದೆ. ಜೇಬಿನಿಂದ ವೋಟರ್ ಕಾರ್ಡ್ ತೆಗೆದ. ಕಾರ್ಡ್ ಇದ್ದರೂ ಹೆಸರು ಪಟ್ಟಿಯಲ್ಲಿ ಇರಲೇಬೇಕು ಅಂದೆ. ಅವನ ಮುಖ ನೋಡೋಕೆ ಆಗಲಿಲ್ಲ. "ಒಂದು ದಿನದ ಸಂಬಳ ಬಿಟ್ಟು ಬಂದಿದೀನಿ ಸಾರ್" ಅಂದ. ಅಷ್ಟರಲ್ಲಿ ಸರದಿಯಲ್ಲಿದ್ದ ಯಾರೋ "ಬೇಕಂತ್ಲೇ ಹೆಸರು ತೆಗೆಸಿದಾರೆ ಬಿಡು" ಅಂದರು. ಇನ್ನಿಬ್ಬರು ದನಿ ಸೇರಿಸಿದರು. ನಿಯಮ ಹೇಳುತ್ತಿದ್ದ ನಾನು ಅವರ ಕಣ್ಣಿಗೆ ಓಟು ಕಿತ್ತುಕೊಂಡವನಾಗಿ ಕಂಡೆ. ಅಮ್ಮ ಬೆರಳಿಗೆ ಶಾಯಿ ಹಾಕಿಸಿಕೊಂಡು, ಓಟು ಹಾಕಿ, ಮಗನನ್ನು ಕರೆದುಕೊಂಡು ಹೋದರು.

ಹೆಸರು ಬಿಟ್ಟುಹೋಗುವುದು ಬೇರೆ ಸಮಸ್ಯೆ. ಅದೂ ಸಣ್ಣದಲ್ಲ. ಆದರೆ ಅದಕ್ಕೆ ಮೊದಲೇ ದಾರಿ ಇತ್ತು. ಆನ್‌ಲೈನಲ್ಲಿ ನೋಡಬಹುದಿತ್ತು, ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಬಹುದಿತ್ತು, ಊರಿನ ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಹತ್ತಿರ ಹೆಸರು ಸೇರಿಸುವ ಅರ್ಜಿ, ಫಾರಂ 6 ಕೊಡಬಹುದಿತ್ತು. ನಾಮಪತ್ರ ಸಲ್ಲಿಕೆಯ ಕೊನೇ ದಿನ ಮುಗಿದ ಮೇಲೆ ಆ ಚುನಾವಣೆಗೆ ಹೊಸ ಹೆಸರು ಸೇರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಅಂಥ ಬೆಲೆಬಾಳುವ ದಿನಗಳನ್ನೇ ಈ ಮೆಸೇಜು ನುಂಗಿ ಹಾಕುತ್ತದೆ.

ಇದು ಪೂರ್ತಿ ಸುಳ್ಳಾಗಿದ್ದರೆ ಹಿಡಿಯೋದು ಸುಲಭ ಇತ್ತು. ಟೆಂಡರ್ ವೋಟ್ ಅನ್ನೋದು ನಿಜವಾಗಿಯೂ ಇದೆ. 1961ರ ಚುನಾವಣೆ ನಡೆಸುವ ನಿಯಮಗಳಲ್ಲಿ 49ಪಿ ತೆಗೆದು ನೋಡಿ. ನಿಮ್ಮ ಹೆಸರು ಪಟ್ಟಿಯಲ್ಲಿದ್ದು, ನೀವು ಬರುವ ಮೊದಲೇ ಯಾರೋ ಆ ಹೆಸರಲ್ಲಿ ಓಟು ಹಾಕಿದ್ದರೆ, ಪಿಆರ್‌ಓ ನಿಮ್ಮ ಗುರುತಿನ ಬಗ್ಗೆ ವಿಚಾರಿಸಿ, ಸಮಾಧಾನವಾದರೆ ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಮೆಷಿನ್‌ಗೆ ಹಾಕೋದಿಲ್ಲ, ಬೇರೆ ಲಕೋಟೆಯಲ್ಲಿಡುತ್ತಾರೆ. ಶೇ 14ರ ಲೆಕ್ಕ ಯಾವ ನಿಯಮದಲ್ಲೂ ಇಲ್ಲ.

ಚಾಲೆಂಜ್ ಅನ್ನೋದೂ ಇದೆ. ಆದರೆ ಅದು ಮತದಾರ ಕೇಳಿ ಪಡೆಯುವ ಹಕ್ಕಲ್ಲ. ಬಂದವರು ಆ ವ್ಯಕ್ತಿಯೇ ಅಲ್ಲ ಅಂತ ಪಕ್ಷದ ಏಜೆಂಟ್ ತಕರಾರು ಎತ್ತುವುದು. ಒಂದು ತಕರಾರಿಗೆ ಏಜೆಂಟ್ ಪಿಆರ್‌ಓ ಹತ್ತಿರ 2 ರೂಪಾಯಿ ಠೇವಣಿ ಇಡಬೇಕು. ಇದು 49ಜೆ. ಹಾಗಾದರೆ 49ಎ ಏನು ಹೇಳುತ್ತದೆ? ಮತಯಂತ್ರದ ವಿನ್ಯಾಸ ಹೇಗಿರಬೇಕು ಅಂತ. ಅಷ್ಟೇ.

ನಾನು ಮಕ್ಕಳಿಗೂ ಸಹೋದ್ಯೋಗಿಗಳಿಗೂ ಹೇಳೋದು ಇದನ್ನೇ. ಮೆಸೇಜಿನಲ್ಲಿ ತುಂಬಾ ಗಟ್ಟಿಯಾಗಿ ಕಾಣುವ ಒಂದು ವಿಷಯ ಇರುತ್ತದಲ್ಲ, ಮೊದಲು ಅದನ್ನೇ ಪರೀಕ್ಷೆ ಮಾಡಿ. ಸೆಕ್ಷನ್ ನಂಬರ್ ಕಂಡರೆ ನಮಗೆ ಗೌರವ ಬಂದುಬಿಡುತ್ತದೆ. ಆದರೆ ಹುಡುಕಿ ನೋಡಲು ಅದರಷ್ಟು ಸುಲಭವಾದದ್ದು ಬೇರೆ ಇಲ್ಲ.

2018ರ ವಿಧಾನಸಭಾ ಚುನಾವಣೆ ನೆನಪಿದೆಯಾ? ಬಿಬಿಸಿ ಸಮೀಕ್ಷೆ ಅಂತ ಒಂದು ಮೆಸೇಜು ಬಂದಿತ್ತು, ಬಿಜೆಪಿಗೆ 135 ಸೀಟು ಅಂತ. ಕೆಳಗೆ ಬಿಬಿಸಿಯ ಲಿಂಕ್ ಇತ್ತು. ಲಿಂಕ್ ಇದ್ದುದರಿಂದ ವಾಟ್ಸಾಪಿನಲ್ಲಿ ಬಿಬಿಸಿಯ ಚಿತ್ರವೂ ತಾನಾಗೇ ಬಂತು. ಜನ ನಂಬಿದ್ದು ಆ ಚಿತ್ರ ನೋಡಿ. ಒತ್ತಿ ನೋಡಿದ್ದರೆ ಅದು ಬರೀ ಬಿಬಿಸಿಯ ಮುಖಪುಟ, ಸಮೀಕ್ಷೆಯ ಸುಳಿವೇ ಇಲ್ಲ. ಬಿಬಿಸಿಯೇ ಇದು ನಮ್ಮದಲ್ಲ ಅಂತ ಹೇಳಬೇಕಾಯಿತು. ಎಣಿಕೆಯ ದಿನ ಬಿಜೆಪಿಗೆ ಬಂದದ್ದು 104.

ಇನ್ನೊಂದು, ಓಟು ಹಾಕದಿದ್ದರೆ ಬ್ಯಾಂಕ್ ಖಾತೆಯಿಂದ 350 ರೂಪಾಯಿ ಕಡಿತ ಅನ್ನೋದು. ಹಿಂದಿ ಪತ್ರಿಕೆಯೊಂದು 2019ರಲ್ಲಿ ಹೋಳಿ ಹಬ್ಬಕ್ಕೆ ತಮಾಷೆಯಾಗಿ ಅಚ್ಚು ಹಾಕಿದ್ದ ಸುದ್ದಿ. ತಮಾಷೆ ಅನ್ನೋದು ಕಳೆದುಹೋಗಿ, ಬರೀ ಆ ತುಣುಕು ಊರೂರು ಸುತ್ತಿತು. ಮುಂದಿನ ವರ್ಷಗಳಲ್ಲೂ ತಿರುಗಿ ಬಂತು. ತಾರೀಕಿಲ್ಲದ ಪೇಪರ್ ಕಟಿಂಗ್ ಯಾರಾದರೂ ಕಳಿಸಿದರೆ ನಾನು ಮೊದಲು ಕೇಳೋದು, ಪೂರ್ತಿ ಪುಟ ಇದೆಯಾ ಅಂತ.

ಒಬ್ಬರ ಓಟು ಹೋದರೆ ಏನಾಗುತ್ತೆ ಅನ್ನುವವರಿದ್ದಾರೆ. ಚಾಮರಾಜನಗರ ಜಿಲ್ಲೆಯವರನ್ನು ಕೇಳಿ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆ ಆಗಿ, ಗೆಲುವಿನ ಅಂತರ 16 ಮತ. ಆ ಹುಡುಗನಂಥವರು ಒಂದೊಂದು ಮತಗಟ್ಟೆಗೆ ಒಬ್ಬೊಬ್ಬರಿದ್ದರೂ ಸಾಕು, ಶಾಸಕರೇ ಬದಲಾಗುತ್ತಾರೆ.

ಓಟಿಗಿಂತ ಜಾಸ್ತಿ ನನ್ನನ್ನು ಕಾಡೋದು ಆ ಸರದಿಯಲ್ಲಿ ಕೇಳಿದ ಮಾತು. ಸೋತವರೂ ಫಲಿತಾಂಶ ಒಪ್ಪಿಕೊಂಡು ಮನೆಗೆ ಹೋಗೋದು ಯಾಕೆ? ಎಣಿಕೆ ನ್ಯಾಯವಾಗಿ ಆಗಿದೆ ಅನ್ನೋ ನಂಬಿಕೆಯಿಂದ. ಇಲ್ಲದ ಹಕ್ಕನ್ನು ಇದೆ ಅಂತ ಹೇಳಿ, ಅದು ಸಿಗದಾಗ ಮೋಸ ಆಯ್ತು ಅನ್ನಿಸುವ ಮೆಸೇಜು ಆ ನಂಬಿಕೆಗೇ ಕೈ ಹಾಕುತ್ತದೆ. ಅದನ್ನು ಬರೆದವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಕಳಿಸಿದವರದ್ದಂತೂ ಖಂಡಿತ ಒಳ್ಳೆಯದೇ. ನಮ್ಮ ಶಿಕ್ಷಕರ ಗ್ರೂಪಿಗೇ ಎಷ್ಟು ಸಲ ಬಂದಿದೆ! ಬಂದಾಗೆಲ್ಲ ಸುಮ್ನೆ ಡಿಲೀಟ್ ಮಾಡದೆ, ಅದರ ಕೆಳಗೇ 49ಎ, 49ಜೆ, 49ಪಿ ಮೂರರ ವಿವರವನ್ನೂ ಕನ್ನಡದಲ್ಲಿ ಬರೆದು ಹಾಕುತ್ತೇನೆ. ಈಗ ಕೆಲವರು ತಮ್ಮ ಗ್ರೂಪುಗಳಿಗೆ ಅದನ್ನೇ ಕಳಿಸುತ್ತಿದ್ದಾರೆ.

ಇದನ್ನು ಓದಿದವರು ಒಂದು ಕೆಲಸ ಮಾಡಿ. ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡಿ. ಮನೆಯಲ್ಲಿ ಇರುವ ಎಲ್ಲರ ಹೆಸರೂ ಪಟ್ಟಿಯಲ್ಲಿದೆಯಾ ನೋಡಿ. ಊರು ಬಿಟ್ಟು ದುಡಿಯಲು ಹೋದ ಮಕ್ಕಳದ್ದನ್ನು ಮೊದಲು ನೋಡಿ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಹೀಗೆ ವರ್ಷಕ್ಕೆ 4 ಅರ್ಹತಾ ದಿನಾಂಕಗಳಿವೆ, ಅಂದ್ರೆ 18 ತುಂಬಿದೆಯಾ ಅಂತ ಲೆಕ್ಕ ಹಾಕುವ ದಿನಗಳು. ಹೆಸರು ಸಿಗಲಿಲ್ಲ ಅಂದರೆ ಬಿಎಲ್‌ಓ ಯಾರು ಅಂತ ಕೇಳಿ, ಫಾರಂ 6 ತುಂಬಿಸಿ, ಅರ್ಜಿಯ ರಸೀದಿ ಇಟ್ಟುಕೊಳ್ಳಿ.