ಒಂದೇ ಮನೆ ನಡೆಯುವ ಕಾಲಾಳು

ನನಗೆ ಚದುರಂಗ ಕಲಿಸಿದ್ದು ಅಜ್ಜ. ಅವರ ಆಟದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ಮುಂದೆ ಹೋಗಬೇಕು. ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜನನ್ನು ಮೂಲೆಯ ಕಡೆ ಸರಿಸಿ, ಆನೆಯನ್ನು ಅವನ ಪಕ್ಕಕ್ಕೆ ತರುವುದು) ಇಲ್ಲ. ಅದರ ಬದಲು ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಎರಡೂ ಕಡೆಯ ಕಾಯಿಗಳು ಎದುರುಬದುರಾಗುವ ಹೊತ್ತಿಗೆ ಅಜ್ಜಿ ಎರಡನೇ ಸಲ ಕಾಫಿ ತಂದಿರುತ್ತಿದ್ದರು.

ಕಳೆದ ವರ್ಷ ಮಗಳ ಜೊತೆ ಕೂತು ಈಗಿನ ನಿಯಮದ ಆಟ ಕಲಿಯತೊಡಗಿದೆ. ಒಂದು ಭಾನುವಾರ ಅವಳು ಬಿಳಿ, ನಾನು ಕಪ್ಪು. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದೆವು. ಒಂದೊಂದು ಕುದುರೆ ಹೊರಗೆ ಬಂತು. ಅವಳ ಒಂಟೆ ಸಿ4ಕ್ಕೆ ಬಂತು (ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಎ, ಬಿ, ಸಿ ಎಂದು ಸಾಲು, ಕೆಳಗಿನಿಂದ ಮೇಲಕ್ಕೆ 1ರಿಂದ 8 ಎಂದು ಮನೆ). ಹೀಗೆ ಶುರುವಾಗುವ ಆಟಕ್ಕೆ ಇಟಾಲಿಯನ್ ಗೇಮ್ ಅನ್ನುತ್ತಾರೆ. ನಾನು ಇನ್ನೊಂದು ಕುದುರೆ ತಂದೆ. ಅವಳ ಕುದುರೆ ತಟ್ಟನೆ ಜಿ5ಕ್ಕೆ ನೆಗೆಯಿತು. ಒಂಟೆಗೂ ಕುದುರೆಗೂ ಕಣ್ಣು ಎಫ್7ರ ಮೇಲೆ. ಶುರುವಿನಲ್ಲಿ ಆ ಮನೆಗೆ ರಾಜ ಬಿಟ್ಟರೆ ಬೇರೆ ಕಾವಲಿಲ್ಲ.

ಡಿ5ಕ್ಕೆ ಕಾಲಾಳನ್ನು ಅಡ್ಡ ತಂದೆ. ಅವಳು ಹೊಡೆದಳು. ನಾನು ಕುದುರೆಯಿಂದ ವಾಪಸ್ ಹೊಡೆದೆ. ಯಾರಾದರೂ ಹಾಗೇ ಹೊಡೆಯುತ್ತಾರೆ, ಅಲ್ವಾ? ಅವಳು ಕುದುರೆಯನ್ನೇ ಎಫ್7ಕ್ಕೆ ನುಗ್ಗಿಸಿದಳು. ನನ್ನ ಮಂತ್ರಿ, ಆನೆ ಎರಡಕ್ಕೂ ಒಟ್ಟಿಗೇ ಏಟು. ರಾಜನಿಂದಲೇ ಅದನ್ನು ಹೊಡೆದೆ. ಅವಳ ಮಂತ್ರಿ ಎಫ್3ಕ್ಕೆ ಬಂದು ಚೆಕ್. ಡಿ5ರ ಕುದುರೆ ಉಳಿಸಿಕೊಳ್ಳಲು ರಾಜನನ್ನು ಇ6ಕ್ಕೆ, ನಡುಬಯಲಿಗೆ ತಂದೆ. ಆಮೇಲೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಇದಕ್ಕೆ ಫ್ರೈಡ್ ಲಿವರ್ ಅಟ್ಯಾಕ್ ಅನ್ನುತ್ತಾರೆ ಅಂತ ಮಗಳೇ ಹೇಳಿದಳು.

ರಾತ್ರಿ ಮತ್ತೆ ಕಾಯಿ ಜೋಡಿಸಿ ಒಬ್ಬಳೇ ಕೂತೆ. ಐದನೇ ನಡೆಯಲ್ಲಿ ವಾಪಸ್ ಹೊಡೆಯದೆ, ಇನ್ನೊಂದು ಕುದುರೆಯನ್ನು ಎ5ಕ್ಕೆ ಕಳಿಸಿ ಆ ಒಂಟೆಯನ್ನು ಕೆಣಕಬೇಕಿತ್ತು. ಒಂದು ಕಾಲಾಳು ಹೋಗುತ್ತದೆ, ಆದರೆ ಎಫ್7ರ ಮೇಲಿನ ಒತ್ತಡ ತಪ್ಪುತ್ತದೆ. ಇದನ್ನು ಬರೆದಿಟ್ಟುಕೊಂಡೆ. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಬೇರೆ. ನಾಲ್ಕೇ ನಡೆಯಲ್ಲಿ ಶತ್ರು ನನ್ನ ಬಾಗಿಲಿಗೆ ಬಂದಿದ್ದ. ಅಜ್ಜನ ಆಟದಲ್ಲಿ ಅಷ್ಟು ಬೇಗ ಯಾರೂ ಬರುತ್ತಿರಲಿಲ್ಲ. ಕಾಲಾಳಿಗೆ ಸಿಕ್ಕ ಆ ಒಂದು ಹೆಚ್ಚಿನ ಹೆಜ್ಜೆಯಿಂದ ಎರಡೂ ಕಡೆಯ ಕಾಯಿಗಳು ಬೇಗ ಎದುರುಬದುರಾಗುತ್ತವೆ. ಓಪನಿಂಗ್, ಅಂದರೆ ಆಟದ ಶುರುವಿನ ನಡೆಗಳನ್ನು, ಯಾಕೆ ಕಲಿಯಬೇಕು ಅನ್ನೋದು ನನಗೆ ಆಗಲೇ ಅರ್ಥವಾಯಿತು.

ಹುಡುಕುತ್ತಾ ಹೋದಾಗ ಮಹೇಶಚಂದ್ರ ಬ್ಯಾನರ್ಜಿ ಸಿಕ್ಕರು. 1850ರ ದಶಕದಲ್ಲಿ ಕಲ್ಕತ್ತದಲ್ಲಿ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ಆಟಗಾರನ ಜೊತೆ ನೂರಾರು ಆಟ ಆಡಿದವರು. ಅವರೂ ನಮ್ಮ ದೇಸಿ ನಿಯಮದಲ್ಲಿ ಆಡಿ ಬೆಳೆದವರೇ. ಜಿ ಸಾಲಿನ ಕಾಲಾಳನ್ನು ಒಂದೇ ಮನೆ ನಡೆಸಿ, ಅದರ ಹಿಂದೆ ಒಂಟೆಯನ್ನು ಕೂರಿಸುತ್ತಿದ್ದರು. ಕಪ್ಪು ಕಾಯಿಯಲ್ಲಿ ಹೀಗೆ ಆಡುವುದಕ್ಕೆ ಇಂಡಿಯನ್ ಡಿಫೆನ್ಸ್ ಅನ್ನುವ ಹೆಸರು ಹುಟ್ಟಿದ್ದೇ ಆ ಆಟಗಳಿಂದ. ಓದಿ ಮೈ ಜುಮ್ಮೆಂದಿತು. ಅಜ್ಜ ಒಂಟೆ ಇಡುತ್ತಿದ್ದದ್ದೂ ಅದೇ ಮನೆಯಲ್ಲಿ!

ಮುಂದಿನ ಭಾನುವಾರ ಮಗಳು ಮತ್ತೆ ರಾಜನ ಮುಂದಿನ ಕಾಲಾಳನ್ನು ಇ4ಕ್ಕೆ ನಡೆಸಿದಳು. ನಾನು ಡಿ ಸಾಲಿನ ಕಾಲಾಳನ್ನು ಒಂದೇ ಮನೆ ನಡೆಸಿದೆ. ಆಮೇಲೆ ಕುದುರೆ, ಆಮೇಲೆ ಜಿ6, ಆಮೇಲೆ ಒಂಟೆ. ಕ್ಯಾಸ್ಲಿಂಗ್ ಮಾಡಿ ಕೈ ತೆಗೆದಾಗ ಎಫ್7ಕ್ಕೆ ರಾಜನ ಜೊತೆ ಆನೆಯ ಕಾವಲೂ ಇತ್ತು. ಅವಳು ಆ ಮನೆಯನ್ನೇ ನೋಡುತ್ತಾ ತುಂಬಾ ಹೊತ್ತು ಯೋಚಿಸಿದಳು.